ಸೈಕಲ್ ಶೆಡ್ಡಿನ ಬೀಗ ತೆರೆದವರು

ಹತ್ತು ಗಂಟೆಗೆ ಎಲ್ಲರೆದುರು ಓದುವಾಗ ದನಿಯೇ ಹೊರಡದಿದ್ದರೆ? ಬೆಳಗಿನ ಐದೂವರೆಗೇ ಹುಡುಗಿ ಸಂಘದ ಬಾಕ್ಸಿಂಗ್ ಹಾಲ್‌ಗೆ ಬಂದು ಕೂತಿದ್ದಾಳೆ. ಪೊಲೀಸರ ಆಸರೆಯ ಯುವಜನ ಸಂಘಕ್ಕೆ ನಲವತ್ತು ವರ್ಷ. ಅದರ ಇತಿಹಾಸ ಬರೆಯುವ ಕೆಲಸ, ನಾಲ್ಕು ಜನರೆದುರು ಬಾಯಿಬಿಡದ ಈ ಪದವೀಧರೆಯ ಕೊರಳಿಗೆ ಬಿದ್ದಿದೆ.

ಎದುರಿನ ಬೆಂಚಿನಲ್ಲಿ, ಸಂಘದವರೆಲ್ಲ ದೊಡ್ಡಮ್ಮ ಎಂದೇ ಕರೆಯುವ ಹಿರಿಯಾಕೆ ಬಾಕ್ಸಿಂಗ್ ಗ್ಲೌಸಿಗೆ ಹೊಲಿಗೆ ಹಾಕುತ್ತಿದ್ದಾರೆ. ದಾರ ಕಚ್ಚಿ ತುಂಡರಿಸಿ, ಗ್ಲೌಸು ತೊಟ್ಟು, ತಮ್ಮ ದವಡೆಗೆ ತಾವೇ ಒಂದು ಗುದ್ದು ಕೊಟ್ಟುಕೊಳ್ಳುತ್ತಾರೆ.

“ಅಯ್ಯೋ, ನೋವಾಗಲ್ವಾ?”

“ಗಂಟು ಚುಚ್ಚುತ್ತಾ ಅಂತ ಗೊತ್ತಾಗ್ಬೇಕಲ್ಲ ಮಗಾ. ಮೊದಲ ಏಟು ನನಗೇ ಬೀಳ್ಲಿ.”

ವಯಸ್ಸು ಅರವತ್ತಾರು. ದಿನಕ್ಕೆ ಇಪ್ಪತ್ತೆರಡು ಜೊತೆ ಗ್ಲೌಸು, ಎರಡು ಹಾಲ್‌ಗಳ ಕಸ, ಅರವತ್ತು ಮಕ್ಕಳ ತಂಟೆ. ಗಂಡ ತೀರಿಕೊಂಡಾಗ ಕಂಕುಳಲ್ಲೊಂದು, ಕೈಹಿಡಿದೊಂದು ಹೆಣ್ಣುಮಗು. ಠಾಣೆಯ ಕಸ ಗುಡಿಸುವ ಕೆಲಸವೇ ಕೈಹಿಡಿಯಿತು. ಬೀದಿ ಜಗಳದಲ್ಲಿ ಸಿಕ್ಕಿಬಿದ್ದ ಹುಡುಗರು ಅಲ್ಲಿ ಸಂಜೆವರೆಗೆ ಮುಖ ಸಿಂಡರಿಸಿ ಕೂತಿರುತ್ತಿದ್ದರು. ಒಂದು ದಿನ ದೊಡ್ಡಮ್ಮ ಹಿಂದಿನ ಸೈಕಲ್ ಶೆಡ್ಡಿನ ಬೀಗ ತೆಗೆದರು. ಗೋಣಿಚೀಲಕ್ಕೆ ಹರಿದ ಸಮವಸ್ತ್ರ ತುರುಕಿ ನೇತುಹಾಕಿದರು. “ಗುದ್ದೋದಾದ್ರೆ ಇದನ್ನ ಗುದ್ರೋ, ವಾಪಸ್ ಬಯ್ಯಲ್ಲ ಅಂದೆ.”

ಎಂಟು ತಿಂಗಳ ಮೇಲೆ ಇದು ಠಾಣೆಯ ಅಂದಿನ ಇನ್ಸ್‌ಪೆಕ್ಟರ್ ಸಾಹೇಬರ ಕಣ್ಣಿಗೆ ಬಿತ್ತು. ಮಕ್ಕಳು ಗೋಡೆಗೆ ಅಂಟಿಕೊಂಡರು.

“‘ಟೋಪಿ ಮೊಳೆಗೆ ಹಾಕಿ ಒಳಗೆ ಬನ್ನಿ, ಮಕ್ಕಳು ಹೆದರ್ತವೆ’ ಅಂದ್ಬಿಟ್ಟೆ. ಕೆಲಸ ಹೋಯ್ತು ಅಂತ್ಲೇ ಅಂದ್ಕೊಂಡೆ. ಅವರು ಟೋಪಿ ತೆಗ್ದು, ಬಂದು ಚೀಲ ಹಿಡ್ಕೊಂಡ್ರು.”

ಇವತ್ತಿಗೂ ಪೊಲೀಸರ ಟೋಪಿ, ಬೆಲ್ಟು ಬಾಗಿಲಾಚೆಯೇ. ಆಮೇಲೆ ಇಲಾಖೆ ಚಾವಣಿ ಹಾಕಿಸಿತು, ತರಬೇತುದಾರರನ್ನು ಕೊಟ್ಟಿತು. ಉದ್ಘಾಟನೆಯ ಫೋಟೊದಲ್ಲಿ ದೊಡ್ಡಮ್ಮನದು ಕತ್ತರಿಯ ತಟ್ಟೆ ಹಿಡಿದ ಕೈ ಮಾತ್ರ ಇದೆ.

ಹುಡುಗಿ ನಡಾವಳಿ ಪುಸ್ತಕ ನಂಬಿ ‘ಇಲಾಖೆ ಸ್ಥಾಪಿಸಿತು’ ಎಂದೇ ಬರೆದಿದ್ದಾಳೆ. ಅದು ಇವತ್ತೇ ಅಚ್ಚಿಗೆ ಹೋಗಬೇಕು.

“ದೊಡ್ಡಮ್ಮ, ಇದನ್ನೆಲ್ಲ ಯಾಕೆ ಯಾರಿಗೂ ಹೇಳ್ಲಿಲ್ಲ?”

“ಯಾರು ಕೇಳಿದ್ರು? ನೀನು ಕೇಳ್ದೆ, ಹೇಳ್ದೆ. ಸಾಹೇಬ್ರನ್ನ ಬಿಡ್ಬೇಡ, ಒಳ್ಳೆಯವರು. ಆದ್ರೆ ಮೊದಲ ದಿನಾನೇ ಬಂದ್ರು ಅಂತ ಮಾತ್ರ ಬರಿಬೇಡ.”

ಹತ್ತು ಗಂಟೆ. ಮೇಜಿನ ಸುತ್ತ ಸಂಘದ ಸಮಿತಿಯ ಹನ್ನೊಂದು ಜನ. ಈಗಿನ ಇನ್ಸ್‌ಪೆಕ್ಟರ್ ಮೊದಲ ಪುಟವನ್ನು ತಾವೇ ಓದಿ ತಲೆದೂಗುತ್ತಾರೆ. “ಚೆನ್ನಾಗಿದೆಯಮ್ಮಾ. ಓದೋದೇನೂ ಬೇಡ, ಅಚ್ಚಿಗೆ ಕಳಿಸಿಬಿಡೋಣ.”

ಬಾಯಿ ತೆರೆಯದೆ ತಪ್ಪಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ದಾರಿ ಸಿಗದು. ಹುಡುಗಿ ಎದ್ದು ನಿಲ್ಲುತ್ತಾಳೆ.

“ಮೊದಲ ಸಾಲೇ ತಪ್ಪು ಸರ್. ಸಂಘ ಶುರು ಮಾಡಿದ್ದು ದೊಡ್ಡಮ್ಮ.”