ಗಾದಿಯ ಮೇಲಿನ ಮಾತು

…ಸೀರೆ ನೇರಳೆ ಬಣ್ಣದ್ದೆಂದು ಇಷ್ಟು ವರ್ಷ ನಂಬಿಕೊಂಡಿದ್ದೆ; ಈಗ ಅದೂ ಖಚಿತವಿಲ್ಲ. ಹಸಿರಿದ್ದರೂ ಇರಬಹುದು — ನೆನಪು ತನಗೆ ಬೇಕಾದ ಬಣ್ಣ ಹಚ್ಚಿಕೊಳ್ಳುತ್ತದೆ. ಬಣ್ಣ ಹೋಗಲಿ. ರಂಗಣ್ಣ, ಆ ಮಾತನ್ನು ಅಂಗಡಿಯಿಂದ ಹೊರಗೆ ಒಯ್ದವನು ನಾನು. ನೀವಲ್ಲ. ನಿಮ್ಮ ಹೆಸರು ಹೇಳಿದವನೂ ನಾನೇ.

ತೊಂಬತ್ತರ ದಶಕದ ಕೊನೆಯಿರಬೇಕು. ಹೊಳೆನರಸೀಪುರದ ನಂಜುಂಡಪ್ಪನವರ ಜವಳಿ ಅಂಗಡಿಯಲ್ಲಿ ನೀವು ಸೀರೆ ಬಿಚ್ಚಿ ತೋರಿಸುತ್ತಿದ್ದಿರಿ; ನಾನು ಹಾಸನದಿಂದ ಬಂದು ಜಾಹೀರಾತಿನ ಕ್ಯಾಸೆಟ್ ಮಾಡಿಕೊಡುತ್ತಿದ್ದೆ. ಮದುವೆ ಜವಳಿ ತೆಗೆಯಲು ಬಂದ ಎರಡೂ ಮನೆಯವರು ಬಿಳಿ ಗಾದಿಯ ಮೇಲೆ ಕೂತು ಏನೇನೋ ಆಡುತ್ತಿದ್ದರು — ಹೆಣ್ಣಿನ ಮೈಬಣ್ಣ, ಬೀಗರ ಜಿಪುಣತನ, ಮುನಿಸು, ಅಳು. ನೀವು ಏನೂ ಕೇಳಿಸದವರಂತೆ ಸೆರಗು ಬಿಡಿಸುತ್ತಿದ್ದಿರಿ. ಗಾದಿಯ ಮೇಲೆ ಆಡಿದ್ದು ಹೊಸ್ತಿಲು ದಾಟುವುದಿಲ್ಲ — ಜನ ಸೀರೆಗಿಂತ ಹೆಚ್ಚಾಗಿ ಈ ನಂಬಿಕೆಗೇ ಬರುತ್ತಿದ್ದರು. ನನಗದು ಅರ್ಥವಾಗಲಿಲ್ಲ. ಅಥವಾ ಅರ್ಥವಾಗಿಯೂ —

ಒಂದು ದಿನ ಕಟ್ಟಾಯದ ಕಡೆಯವರು ಬಂದಿದ್ದರು. ನಂಜುಂಡಪ್ಪನವರು ಅಂಗಡಿಯಲ್ಲಿರಲಿಲ್ಲ. ಗಂಡಿನ ತಾಯಿ ಹುಡುಗಿಯ ಹೆಗಲಿಗೆ ಸೀರೆ ಹೊದಿಸಿ, ಹೆಣ್ಣಿನ ತಾಯಿಗೆ ಹೇಳಿದ್ದು ಮೂಲೆಯಲ್ಲಿ ಕಾಫಿ ಕುಡಿಯುತ್ತಿದ್ದ ನನ್ನ ಕಿವಿಗೂ ಬಿತ್ತು:

“ಉಡುಗಿ ಕಪ್ಪು ಅಂತ ಕೊರಗ್ಬ್ಯಾಡ ಕಣವ್ವ. ಈ ಸೀರೆ ಉಡ್ಸುದ್ರೆ ಕತ್ಲೇಲೂ ಕಾಣ್ತಾಳೆ.”

ಹುಡುಗಿ ತಲೆ ಬಗ್ಗಿಸಿದಳು. ನಾನು ನಕ್ಕೆ.

ಅದೇ ಮಾತನ್ನು ಹೆಂಗಸೊಬ್ಬಳ ದನಿಯಲ್ಲಿ ಹೇಳಿಸಿ, ಕೊನೆಗೆ ಅಂಗಡಿಯ ಹೆಸರು ಸೇರಿಸಿದೆ. ನನ್ನ ಮೇಲಿನ ಭರವಸೆಯಿಂದ ನಂಜುಂಡಪ್ಪನವರು ಕ್ಯಾಸೆಟ್ ಕೇಳಲೇ ಇಲ್ಲ. ಮೈಕು ಕಟ್ಟಿದ ಆಟೋ ಅದನ್ನು ಕೂಗಿಸುತ್ತ ಅರಕಲಗೂಡು, ರಾಮನಾಥಪುರ, ಕಟ್ಟಾಯ ಸುತ್ತಿತು. ಜನ ನಕ್ಕರು. ಆಮೇಲೆ ಹುಡುಗಿಯ ಅಪ್ಪ ಬಂದು ಹೊಸ್ತಿಲ ಹೊರಗೇ ನಿಂತ. ಕೂಗಾಡಲಿಲ್ಲ.

“ನಮ್ ಉಡುಗೀನ ಊರೂರ್ ಮ್ಯಾಲೆ ಕೂಗುಸ್ಬುಟ್ರಲ್ಲ, ಸಾವ್ಕಾರ್ರೇ.”

ನಂಜುಂಡಪ್ಪನವರು ಅವನಿಗೆ ಕೈಮುಗಿದು, ನನ್ನತ್ತ ತಿರುಗಿದರು. “ಯಾರ್ಲಾ ನಿಂಗೀ ಮಾತ ಯೋಳಿದ್ದು?”

“ರಂಗಣ್ಣ, ಸಾ.”

ಅಷ್ಟೇ. ಸೀರೆ ಮಡಿಸುತ್ತಿದ್ದ ನೀವು ನನ್ನನ್ನು ನೋಡಿದಿರಿ — ನೋಡಿದಿರೆಂದು ನೆನಪು. ಸೀರೆಯನ್ನು ಪೂರ್ತಿ ಮಡಿಸಿಟ್ಟು, ಚಪ್ಪಲಿ ಮೆಟ್ಟಿಕೊಂಡು ಇಳಿದುಹೋದಿರಿ.

ಕ್ಯಾಸೆಟ್ ನಿಂತಿತು, ಹೆಸರು ಕೆಡುವುದು ನಿಲ್ಲಲಿಲ್ಲ. ಅಂಗಡಿಯ ಮುಂದೆ ಹಾಯುವಾಗ ಹೆಂಗಸರು, “ಮೆಲ್ಗೆ ಮಾತಾಡ್ರೇ, ನಾಳೀಕೆ ಆಟೋದಲ್ಲಿ ಬತ್ತದೆ,” ಎನ್ನುತ್ತಿದ್ದರಂತೆ. ಕ್ಷಮೆ ಕೇಳುವ ಇನ್ನೊಂದು ಕ್ಯಾಸೆಟ್ ಮಾಡಿದೆ, ಮರೆತವರಿಗೂ ನೆನಪಾಯಿತು. ಮುಂದಿನ ಲಗ್ನಗಳಿಗೆ ಅರಕಲಗೂಡಿನವರು ನೇರ ಹಾಸನದ ಬಸ್ಸು ಹತ್ತಿದರು. ಸೀರೆ ಅವೇ, ನೇಯ್ಗೆ ಅದೇ. ಗಾದಿ ಖಾಲಿ. ಕೆಲವು ವರ್ಷ ನೈಟಿ, ಲಂಗ ಮಾರಿ, ನಂಜುಂಡಪ್ಪನವರು ಬಾಗಿಲು ಹಾಕಿದರು. ನಾನು ಬೇರೆ ಅಂಗಡಿಗಳಿಗೆ ಕ್ಯಾಸೆಟ್ ಮಾಡಿಕೊಂಡು ಚೆನ್ನಾಗಿಯೇ ಇದ್ದೆ.

ನೀವು ಚನ್ನರಾಯಪಟ್ಟಣದ ಕಡೆ ಹೋದಿರೆಂದರು. ಅಲ್ಲಿನ ಜವಳಿ ಅಂಗಡಿಗಳಲ್ಲಿ ವಿಚಾರಿಸಿದೆ, ಬಹಳ ತಡವಾಗಿ. ಯಾರಿಗೂ ತಿಳಿದಿರಲಿಲ್ಲ. ಬಾಯಿ ಸಡಿಲವೆಂಬ ಹೆಸರು ಹೊತ್ತವನನ್ನು ಗಾದಿಯ ಹತ್ತಿರ ಯಾರು ಸೇರಿಸಿಕೊಂಡಾರು? ಆ ಮದುವೆ ನಡೆಯಿತೋ ಮುರಿಯಿತೋ — ಕಟ್ಟಾಯಕ್ಕೆ ಹೋಗಿ ಕೇಳುವ ಧೈರ್ಯ ಬರಲಿಲ್ಲ. ಅಂದು ನಂಜುಂಡಪ್ಪನವರೆದುರು, ಇವನೇ ಕೇಳಿಸಿಕೊಂಡವನು ಎಂದು ನೀವು ಯಾಕೆ ಹೇಳಲಿಲ್ಲ ಎಂಬುದು ನನಗೆ ಇಂದಿಗೂ ಗೊತ್ತಿಲ್ಲ.