ಸ್ವಿಥುನ್ ಸಂತರ ಪಾದಕ್ಕೊಂದು ಗೋಮುಖ

ನನ್ನ ನಿವೃತ್ತಿಗೆ ಒಂದೇ ವರ್ಷ ಉಳಿದಿತ್ತು. ಸಿಯಾಟಲ್ ಸುತ್ತಮುತ್ತಲಿನ ಹಳೆಯ ಕಟ್ಟಡಗಳು ಭೂಕಂಪವನ್ನು ತಡೆದುಕೊಂಡಾವೇ ಎಂದು ಪರೀಕ್ಷಿಸುವ ಸ್ಟ್ರಕ್ಚರಲ್ ಎಂಜಿನಿಯರ್ ನಾನು. ಕೆನ್ಮೋರಿನ ಒಂದು ಚರ್ಚಿನಿಂದ ಕರೆ ಬಂತು: ಒಳಗಿನ ಕಲ್ಲಿನ ಮೂರ್ತಿ ಅಲುಗಾಡುತ್ತಿದೆ, ಬಂದು ನೋಡಿ.

ಮೂರ್ತಿ ಸಂತ ಸ್ವಿಥುನರದು. ಸಾವಿರ ವರ್ಷಗಳಿಗೂ ಹಿಂದೆ ಇಂಗ್ಲೆಂಡಿನ ವಿಂಚೆಸ್ಟರಿನಲ್ಲಿ ಬಿಷಪ್ ಆಗಿದ್ದವರು. ತನ್ನನ್ನು ಚರ್ಚಿನ ಹೊರಗೆ, ಮಳೆನೀರು ಬೀಳುವಲ್ಲೇ ಹೂಳಿ ಎಂದಿದ್ದರಂತೆ. ಮುಂದೆ ಜನ ಅವರ ಅಸ್ಥಿಯನ್ನು ಒಳಗೆ ಸಾಗಿಸಿದಾಗ ಮಳೆ ಬಿಡದೆ ಹಿಡಿಯಿತೆಂದು ಬಾಗಿಲ ಬಳಿಯ ಫಲಕದಲ್ಲಿ ಓದಿದೆ.

ಪೀಠದ ಕೆಳಗೆ ಕೈಹಾಕಿದರೆ ಒದ್ದೆ. ಮೂರ್ತಿಯನ್ನು ಬಿಗಿದಿದ್ದ ಆಂಕರ್ ಬೋಲ್ಟ್ ತುಕ್ಕು ಹಿಡಿದು ಉದುರುತ್ತಿತ್ತು. ಚಾವಣಿ ಎಲ್ಲೂ ಸೋರುತ್ತಿರಲಿಲ್ಲ. ಅಷ್ಟರಲ್ಲಿ ಮಂಗಳೂರಿನ ಸ್ಟೆಲ್ಲಾ ಬಾಯಿ ಬಂದರು; ಅವರ ಕಡೆ ಹಿರಿಯ ಹೆಂಗಸರನ್ನು ಗೌರವದಿಂದ ‘ಬಾಯಿ’ ಎನ್ನುತ್ತಾರೆ. ನೀರಲ್ಲಿ ಅದ್ದಿ ತಂದ ಸೇವಂತಿಗೆಯನ್ನು ತೊಟ್ಟಿಕ್ಕುತ್ತಿರುವಂತೆಯೇ ಸಂತರ ಪಾದಕ್ಕೆ ಸುರಿದು, ಪಾದ ಮುಟ್ಟಿ ಹಣೆಗೊತ್ತಿಕೊಂಡರು. ಅವರ ಹಿಂದೆ ಕರಾವಳಿಯ ಇನ್ನಷ್ಟು ಸಂಸಾರಗಳು, ಇನ್ನಷ್ಟು ಒದ್ದೆ ಹೂವು. ಅಯ್ಯೋ ಶಿವನೇ, ನೀರಿನ ಮೂಲ ಸಿಕ್ಕಿತು!

ಚರ್ಚ್ ಸಮಿತಿಯ ಅಧ್ಯಕ್ಷರು ಅಮೆರಿಕದವರೇ. ಅವರಿಗೆ ಕಾರಣ ತಿಳಿಸಿದೆ. "ಹಾಗಾದರೆ ಮೂರ್ತಿಯನ್ನು ಸ್ಟೋರ್ ರೂಮಿಗೆ ಸಾಗಿಸೋಣ. ರಿಪೋರ್ಟ್ ಹಾಗೇ ಬರೆಯಿರಿ" ಎಂದರು.

ಸ್ಟೆಲ್ಲಾ ಬಾಯಿಯ ಮುಖ ಬಾಡಿತು. ನನ್ನತ್ತ ತಿರುಗಿ ಕನ್ನಡದಲ್ಲಿ ಹೇಳಿದರು: "ಈ ದೇಶದಲ್ಲಿ ನನ್ನ ಸುಖದುಃಖ ಕೇಳುವವರು ಇವರೊಬ್ಬರೇ ಮಾರಾಯ್ತಿ. ನನ್ನ ಹೂವಿನಿಂದಾಗಿ ಇವರನ್ನೇ ಕತ್ತಲೆಗೆ ಹಾಕುವುದಾ?"

ನನಗೆ ರೇಗಿಹೋಯಿತು. "ಮಳೆ ಬೇಕೆಂದು ಕೇಳಿಕೊಂಡ ಸಂತರನ್ನು ನೀವು ಒಣಗಿಸಲು ಹೊರಟಿದ್ದೀರಾ? ನೀರಿನ ಚಿಂತೆ ನನಗೆ ಬಿಡಿ" ಎಂದು ಅಧ್ಯಕ್ಷರಿಗೆ ಹೇಳಿಯೇಬಿಟ್ಟೆ.

ನನ್ನ ತವರು ನಂಜನಗೂಡು. ಅಭಿಷೇಕದ ನೀರು ಗರ್ಭಗುಡಿಯಿಂದ ಗೋಮುಖದ ಮೂಲಕ ಹೊರಗೆ ಬೀಳುವುದನ್ನು ನೋಡುತ್ತಲೇ ಬೆಳೆದವಳು ನಾನು. ಸಮಿತಿಯನ್ನು ಒಪ್ಪಿಸಿ ಇಲ್ಲೂ ಅದನ್ನೇ ಮಾಡಿದೆ. ತುಕ್ಕು ಹಿಡಿಯದ ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟು, ಪಾದದ ಸುತ್ತ ಇಳಿಜಾರಾದ ಕಲ್ಲಿನ ಕಾಲುವೆ, ಅಲ್ಲಿಂದ ಗೋಡೆಯಾಚೆ ಗುಲಾಬಿ ಪಾತಿಗೆ ದಾರಿ.

ಜುಲೈನಲ್ಲಿ ಸಂತರ ಹಬ್ಬದ ದಿನವೇ ಪರೀಕ್ಷೆ. ಸಮಿತಿಯವರೆಲ್ಲ ಸುತ್ತ ನಿಂತಿದ್ದರು. ತುಂಬಿದ ಬಕೆಟ್ಟನ್ನು ಬಾಯಿಯ ಕೈಗಿತ್ತು, "ಸುರೀರಿ ಬಾಯಿ, ಹಿಂದೆ ಮುಂದೆ ನೋಡ್ಬೇಡಿ" ಎಂದೆ. ಸುರಿದರು. ಹೊರಗೆ ಪಾತಿಗೆ ನೀರು ದಬದಬ ಬಿದ್ದ ಸದ್ದು ಕೇಳಿಸಿತು. ಪೀಠದ ಕೆಳಗೆ ತೂರಿಸಿದ ಟಿಶ್ಯೂ ಒಂಚೂರೂ ಒದ್ದೆಯಾಗದೆ ಹೊರಬಂತು. ಭುಜ ಕೊಟ್ಟು ತಳ್ಳಿದೆ. ಮೂರ್ತಿ ಜಪ್ಪಯ್ಯ ಅಂದರೂ ಕದಲಲಿಲ್ಲ. ಚರ್ಚಿಗೆ ಚರ್ಚೇ ಚಪ್ಪಾಳೆ! ಅಧ್ಯಕ್ಷರು ಮೆಲ್ಲಗೆ ಮುಂದೆ ಬಂದು, "ನಾನೂ ಒಂದು ಚೊಂಬು ಹಾಕಬಹುದೇ?" ಎಂದರು. ಆ ಖುಷಿಯನ್ನು ಯಾವ ದೊಡ್ಡ ಕಟ್ಟಡವೂ ನನಗೆ ಕೊಟ್ಟಿಲ್ಲ.

ನೀರನ್ನು ತಡೆಯುವುದಕ್ಕಿಂತ ಅದಕ್ಕೆ ದಾರಿ ಮಾಡಿಕೊಡುವುದು ಲೇಸು ಎಂದು ಕಾಲೇಜಿನಲ್ಲೇ ಕಲಿತಿದ್ದೆ. ಜನರ ಭಕ್ತಿಗೂ ಡ್ರಾಯಿಂಗಿನಲ್ಲಿ ಜಾಗ ಬಿಡಬೇಕೆಂದು ಕಲಿತದ್ದು ಕೆನ್ಮೋರಿನಲ್ಲಿ. ಬಾಯಿ ಈಗ ಅಂಗಡಿಯ ಹೂವು ತರುವುದಿಲ್ಲ. ಸಂತರ ಪಾದ ತೊಳೆದ ನೀರು ಕುಡಿದು ಬೆಳೆದ ಗುಲಾಬಿಯನ್ನೇ ಕಿತ್ತು ತಂದು ಅವರ ಪಾದಕ್ಕೆ ಇಡುತ್ತಾರೆ, ಒದ್ದೆಯಾಗಿಯೇ.