ಮಹಾದೇವಿ ತನ್ನ ಕೈಗೆ ತಾನೇ ಹೇಸಿದ್ದು

ಚೊಳಚಗುಡ್ಡದ ಕುರಿ ಸಾಕುವ ಮನೆಯಲ್ಲಿ ಹುಟ್ಟಿದ ಮಹಾದೇವಿ ಹೇಸಿಗೆಯೆಂದು ಮೂಗು ಮುಚ್ಚಿದವಳಲ್ಲ. ಈಯುವಾಗ ಮರಿ ಅಡ್ಡ ಸಿಕ್ಕರೆ ಒಳಗೆ ಕೈ ಹಾಕಿ ಎಳೆದವಳು, ಹುಳಬಿದ್ದ ಗಾಯ ತೊಳೆದವಳು. ಅಂಥವಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದು ಹೆಣ್ಣುಕೂಸು ಹೆತ್ತ ಮೇಲೆ ತನ್ನ ಕೈ ಕಂಡರೇ ವಾಕರಿಸತೊಡಗಿದಳು.

ಒಂದು ಬೆಳಿಗ್ಗೆ ಕೂಸಿನ ತಲೆಗೆ ಎಣ್ಣೆ ಹಚ್ಚುತ್ತಿದ್ದಳು. ಮಿದುವಾದ ನೆತ್ತಿ ಬೆರಳಡಿ ಮಿಡಿಯುತ್ತಿತ್ತು. ಜೋರಾಗಿ ಒತ್ತಿಬಿಟ್ಟರೆ? ಎಲ್ಲಿಂದಲೋ ನುಗ್ಗಿದ ವಿಚಾರ. ವಿಚಾರದ ಹಿಂದೆಯೇ ಅದರ ಚಿತ್ರ. ಮಹಾದೇವಿ ಬಚ್ಚಲಿಗೆ ಓಡಿ ವಾಂತಿ ಮಾಡಿಕೊಂಡಳು.

ಆಮೇಲೆ ಈಳಿಗೆ ಕಂಡರೂ ಅದೇ, ಕುದಿವ ನೀರು ಕಂಡರೂ ಅದೇ. ಬಟ್ಟೆ ಒಗೆಯುವ ಸಾಬೂನಿನಿಂದ ಕೈ ತಿಕ್ಕಿ ತಿಕ್ಕಿ ಚರ್ಮ ಬಿರಿಯಿತು. ಹಾಲು ಕೊಡುವಾಗಲೂ ಅವಳ ತಾಯಿಯೇ ಕೂಸನ್ನು ಅವಳೆದೆಗೆ ಹಿಡಿಯಬೇಕು. ಲೋಬಾನದ ಹೊಗೆ, ಬಾಣಂತಿಗೆಂದು ಕಟ್ಟಿದ ಅಂಟಿನುಂಡಿಯ ಜಿಡ್ಡು, ರವಿಕೆಯಲ್ಲಿ ಹುಳಿತ ಹಾಲು, ಎಲ್ಲವೂ ಹೇಸಿಗೆ ಹುಟ್ಟಿಸುತ್ತಿದ್ದವು. ಎಲ್ಲಕ್ಕಿಂತ ಹೊಲಸು ತಾನೇ ಅನಿಸುತ್ತಿತ್ತು.

"ಹೆಣ್ಣಾತಂತ ಬ್ಯಾಸರೇನವ್ವಾ?" ಎಂದು ತಾಯಿ ರಂಗವ್ವ ಕೇಳಿದಳು.

"ಇಲ್ಲವ್ವ. ನನ್ನ ಕೈ ಚಲೋ ಇಲ್ಲ."

ಕೆರೂರಿನಿಂದ ಗಂಡ ಹಣಮೇಶ ಕೂಸು ನೋಡಲು ಬಂದಾಗ ತಡೆಯಲಾರದೆ ಎಲ್ಲವನ್ನೂ ಹೇಳಿದಳು. ಅವನು ಸಟಕ್ಕನೆ ಕೂಸನ್ನು ಎತ್ತಿಕೊಂಡ.

"ಥೂ! ತಾಯಿ ಆದಾಕಿ ಆಡೋ ಮಾತೇನ ಇದು?"

ಅವಳ ವಿಚಾರವೇ ಅಂಟಿಕೊಂಡಿದೆಯೇನೋ ಎಂಬಂತೆ ಟವೆಲ್ಲಿನಿಂದ ಕೂಸಿನ ತಲೆ ಒರೆಸಿದ. ದೆವ್ವ ಬಿಡಿಸುವವರ ಹತ್ತಿರ ಒಯ್ಯೋಣ ಎಂದ.

ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದ ರಂಗವ್ವ ಒಳಗೆ ಬಂದಳು. "ದೆವ್ವಲ್ಲ, ಅಕಿ ಹೆದರ್ಯಾಳ. ದವಾಖಾನಿಗೆ ಹೋಗೂಣು, ನಡೀರಿ."

ಹಣಮೇಶ ಅವರ ಜೊತೆ ಹೋಗಲಿಲ್ಲ. ಬಾಗಲಕೋಟೆಯ ಮನೋರೋಗದ ಡಾಕ್ಟರಮ್ಮ ಅವಸರ ಮಾಡಲಿಲ್ಲ. "ಹಂಗ ಮಾಡು ಅಂತ ಕಿವ್ಯಾಗ ಯಾರರ ಹೇಳ್ತಾರೇನು? ಮಾಡಬೇಕು ಅನಸ್ತೈತೇನು?"

"ಇಲ್ರಿ ಯವ್ವಾ! ಅದಕ್ಕ ನನ್ನ ಕಂಡ್ರ ನನಗ ಹೇಸಿಕಿ."

"ಬ್ಯಾಡಾದ ವಿಚಾರ ತಾನಾಗೇ ಬರ್ತೈತಿ, ನಿನಗ ಹೇಸಿಕಿ ಆಗ್ತೈತಿ. ಅಂದ್ರ ಅದು ನಿನ್ನ ಆಸೆ ಅಲ್ಲವ್ವ, ಬ್ಯಾನಿ. ಭಾಳ ಮಂದಿ ಬಾಣಂತ್ಯಾರಿಗೆ ಬರ್ತೈತಿ, ಯಾರೂ ಬಾಯಿ ಬಿಡಂಗಿಲ್ಲ. ಗುಳಿಗಿ ತಗೊಂಡು ಹಾಲು ಕುಡಸಬಹುದು. ಕೂಸಿನ್ನ ದೂರ ಇಡಬ್ಯಾಡ."

ಮಹಾದೇವಿ ಅಲ್ಲಿಯೇ ಸೆರಗು ಬಾಯಿಗಿಟ್ಟು ಅತ್ತಳು.

ಗುಣವಾಗಲು ತಿಂಗಳುಗಳೇ ಹಿಡಿದವು. ಮೊದಮೊದಲು ರಂಗವ್ವ ಪಕ್ಕದಲ್ಲಿ ಕೂತರೆ ಮಾತ್ರ ಕೂಸನ್ನು ಮುಟ್ಟುತ್ತಿದ್ದಳು. ವಿಚಾರ ಬಂದರೆ ಬರಲಿ, ಹೋಗಲಿ ಎಂದು ಬಿಡುವುದನ್ನು ನಿಧಾನಕ್ಕೆ ಕಲಿತಳು. ಕೊನೆಗೆ ಒಬ್ಬಳೇ ಕೂಸಿಗೆ ನೀರೆರೆಯುವಷ್ಟಾದಳು.

ಆ ಹೊತ್ತಿಗೆ ಅವಳನ್ನು ಕೆರೂರಿಗೆ ಕರೆದೊಯ್ಯಲು ಹಣಮೇಶ ತನ್ನ ಅಕ್ಕನೊಂದಿಗೆ ಬಂದ. ಅವಳು ಬಂದವಳೇ ಮುಖ ಸಿಂಡರಿಸಿದಳು. "ಹುಚ್ಚಿನ ಗುಳಿಗಿ ನುಂಗಿ ಅದ ಹಾಲು ಕೂಸಿಗೆ ಕುಡಸ್ತೀಯಾ?"

"ಕುಡಸ್ತೇನ್ರಿ ಅಕ್ಕಾರ. ಡಾಕ್ಟರು ಹೇಳ್ಯಾರ." ಮಹಾದೇವಿ ಗಂಡನತ್ತ ತಿರುಗಿದಳು. ಅವನು ನೆಲ ನೋಡುತ್ತಿದ್ದ. ಇಷ್ಟು ದಿನ ತನ್ನ ಮೇಲಿದ್ದ ಹೇಸಿಗೆ ಈಗ ಅವನತ್ತ ಹೊರಳಿತು. "ನಾ ಈಗ ಬರಂಗಿಲ್ರಿ. ನೀವು ಹೋಗ್ರಿ."

ಅಕ್ಕ ತಮ್ಮ ಚಹಾ ಕುಡಿಯದೆ ಎದ್ದು ಹೋದರು.

ಮುಂದಿನ ವಾರ ಹಣಮೇಶ ಒಬ್ಬನೇ ಬಂದ. ಡಾಕ್ಟರ ಹತ್ತಿರ ತಾನೂ ಬರುತ್ತೇನೆ ಎಂದ. ಮಹಾದೇವಿ ಆಗಲಿ ಎಂದಳು. ಆದರೆ ಅವನು ಕೈ ಚಾಚಿದಾಗ ಕೂಸನ್ನು ಕೊಡಲಿಲ್ಲ.